ಗಿಡ ನೆಡುವ ಮುನ್ನ: ಕ್ಯಾಲಿಫೋರ್ನಿಯಾ ಕರಾವಳಿಯ ಓಕ್ ಕಾಡುಗಳಿಂದ ಒಂದು ಪಾಠ

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪರಿಸರದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಂಘದ ಹಿರಿಯರು ನನಗೆ ಹೇಳಿದ್ದಾರೆ. ನಾನು ಭಾಷೆ ಕಲಿಸುವವನು, ಸಸ್ಯಶಾಸ್ತ್ರ ಕಲಿಸುವವನಲ್ಲ. ಆದರೂ ಪ್ರತಿ ವರ್ಷ ಜೂನ್ ತಿಂಗಳು ಬಂದರೆ ಸಸಿ ಹಂಚುವ, ನೆಡಿಸುವ ಕೆಲಸ ನಮ್ಮ ಎಲ್ಲ ಶಾಲೆಗಳಲ್ಲೂ ಭಾಷಾ ಶಿಕ್ಷಕರ ಪಾಲಿಗೂ ಬರುತ್ತದೆ. ಎಷ್ಟು ಸಸಿ ನೆಟ್ಟಿರಿ ಎಂದು ಎಲ್ಲರೂ ಕೇಳುತ್ತಾರೆ. ಯಾವ ಸಸಿ ನೆಟ್ಟಿರಿ, ಅದರ ಬೀಜ ಎಲ್ಲಿಯದು, ಆ ಜಾಗಕ್ಕೆ ಅದೇ ಏಕೆ ಎಂದು ಕೇಳುವವರು ಕಡಿಮೆ. ಈ ಕೇಳದೆ ಉಳಿದ ಪ್ರಶ್ನೆಯ ಬಗ್ಗೆಯೇ ಇಂದು ಮಾತಾಡುತ್ತೇನೆ.

ಗಿಡ ನೆಡುವುದರ ಪುಣ್ಯದ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಒಬ್ಬ ವಿಶ್ವಾಸಿಯು ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ, ಪಕ್ಷಿ ಯಾರು ತಿಂದರೂ ಅದು ಅವನ ಲೆಕ್ಕದಲ್ಲಿ ಸದಖಾ ಆಗುತ್ತದೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಕರ್ಮಗಳ ಬೆಲೆ ನಿಯ್ಯತ್ತಿನ ಮೇಲಿದೆ ಎಂಬುದನ್ನೂ ಮದ್ರಸದ ಮೊದಲ ತರಗತಿಯಿಂದಲೇ ಓದಿದ್ದೇವೆ. ಆದರೆ ನಿಯ್ಯತ್ ಒಳ್ಳೆಯದಿದ್ದ ಮಾತ್ರಕ್ಕೆ ಇಲ್ಮ್ ಬೇಡವೆಂದು ಯಾರೂ ಹೇಳಿಲ್ಲ. ಕಾಯಿಲೆಯವನಿಗೆ ಪ್ರೀತಿಯಿಂದ ತಪ್ಪು ಔಷಧ ಕೊಟ್ಟರೆ ಪ್ರೀತಿ ನಿಜ, ಕಾಯಿಲೆಯೂ ನಿಜ. ಭೂಮಿಯ ವಿಷಯದಲ್ಲೂ ಹೀಗೆಯೇ. ಇದಕ್ಕೆ ದೂರದ ಒಂದು ನಾಡಿನ ಉದಾಹರಣೆ ಕೊಡುತ್ತೇನೆ: ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ಓಕ್ ಕಾಡು.

ಬಲೂತ್ ಎಂಬ ಮರ

ನಮ್ಮ ಉರ್ದು ವಿದ್ಯಾರ್ಥಿಗಳಿಗೆ ಈ ಮರದ ಹೆಸರು ಗೊತ್ತು. ಉರ್ದುವಿನಲ್ಲಿ ಓಕ್ ಮರವೆಂದರೆ ಬಲೂತ್. ಇದು ಅರಬಿಯಿಂದ ಬಂದ ಪದ. ಅರಬರು ಅಂದಲೂಸನ್ನು, ಅಂದರೆ ಇಂದಿನ ಸ್ಪೇನನ್ನು ಆಳಿದ ಕಾಲದಲ್ಲಿ ಇದೇ ಪದ ಸ್ಪ್ಯಾನಿಷ್ ಭಾಷೆಗೂ ಹೋಗಿ ಬೆಯೋತಾ ಆಯಿತು. ಓಕ್ ಮರದ ಕಾಯಿಗೆ ಸ್ಪೇನಿನವರು ಇಂದಿಗೂ ಹೇಳುವ ಹೆಸರು ಅದೇ. ಆ ಸ್ಪೇನಿನವರೇ 1769ರಲ್ಲಿ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ನೆಲೆ ಊರಲು ಬಂದಾಗ ಪದವೂ ಅವರೊಡನೆ ಸಮುದ್ರ ದಾಟಿತು. ಆ ನಾಡಿನಲ್ಲಿ ಊರಿನ ಹೆಸರುಗಳಲ್ಲೂ ಈ ಮರವಿದೆ. ಓಕ್‌ಲ್ಯಾಂಡ್ ಎಂದರೆ ಓಕ್ ಮರಗಳ ನೆಲ. ಪಾಸೊ ರೋಬ್ಲೆಸ್, ಎನ್ಸಿನೊ ಎಂಬ ಊರುಗಳ ಹೆಸರಿನಲ್ಲಿರುವುದೂ ಓಕ್ ಮರಗಳ ಸ್ಪ್ಯಾನಿಷ್ ಹೆಸರುಗಳೇ.

ಕರಾವಳಿಯ ಓಕನ್ನು ಅಲ್ಲಿ ಕೋಸ್ಟ್ ಲೈವ್ ಓಕ್ ಎನ್ನುತ್ತಾರೆ. ಎಲೆ ಒಮ್ಮೆಲೇ ಉದುರಿಸಿ ಬೋಳಾಗದೆ ವರ್ಷವಿಡೀ ಹಸಿರಾಗಿರುವುದರಿಂದ ಈ ಹೆಸರು. ಕ್ಯಾಲಿಫೋರ್ನಿಯಾದ ಉತ್ತರದ ಮೆಂಡೊಸಿನೊ ಪ್ರದೇಶದಿಂದ ದಕ್ಷಿಣಕ್ಕೆ ಮೆಕ್ಸಿಕೋ ದೇಶದ ಬಾಹಾ ಕ್ಯಾಲಿಫೋರ್ನಿಯಾದ ಉತ್ತರ ಭಾಗದವರೆಗೆ, ಹೆಚ್ಚಾಗಿ ಸಮುದ್ರದ ಗಾಳಿ ಮತ್ತು ಮಂಜು ತಲುಪುವ ಬೆಟ್ಟ ಕಣಿವೆಗಳಲ್ಲಿ ಇದು ಬೆಳೆಯುತ್ತದೆ. ಎಲೆಗಳು ಚಿಕ್ಕವು, ದಪ್ಪ, ಅಂಚಿನಲ್ಲಿ ಮುಳ್ಳು, ಬೋರಲು ಹಾಕಿದ ದೋಣಿಯ ಹಾಗೆ ಬಾಗಿರುತ್ತವೆ. ಎರಡೂವರೆ ಶತಮಾನಕ್ಕಿಂತ ಹೆಚ್ಚು ಕಾಲ ಬದುಕುವ ಮರವಿದು. ಅಲ್ಲಿಯ ಮೂಲನಿವಾಸಿಗಳಾದ ಒಹ್ಲೋನಿ, ಚುಮಾಶ್ ಮುಂತಾದ ಜನರಿಗೆ ಇದರ ಕಾಯಿ ಮುಖ್ಯ ಆಹಾರವಾಗಿತ್ತು. ಕಾಯಿಯನ್ನು ಕುಟ್ಟಿ ಹಿಟ್ಟು ಮಾಡಿ, ನೀರು ಹಾಯಿಸಿ ಹಾಯಿಸಿ ಒಗರು ತೆಗೆದು, ಅಂಬಲಿಯ ಹಾಗೆ ಬೇಯಿಸಿ ಉಣ್ಣುತ್ತಿದ್ದರು. ಕ್ಯಾಲಿಫೋರ್ನಿಯಾದ ಎಲ್ಲ ಬಗೆಯ ಓಕ್ ಕಾಡುಗಳನ್ನು ಸೇರಿಸಿದರೆ 300ಕ್ಕೂ ಹೆಚ್ಚು ಜಾತಿಯ ಹಕ್ಕಿ, ಪ್ರಾಣಿ, ಹಾವು, ಕಪ್ಪೆಗಳು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಅವನ್ನು ಅವಲಂಬಿಸಿವೆ.

ಒಂದು ಮಾತು ಇಲ್ಲೇ ಹೇಳಬೇಕು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೀವು ನೋಡುವ ಸಿಲ್ವರ್ ಓಕ್ ನಿಜವಾಗಿ ಓಕ್ ಅಲ್ಲ. ಅದು ಆಸ್ಟ್ರೇಲಿಯಾದ ಬೇರೆಯೇ ಮರ. ಹೆಸರು ನೋಡಿ ಗಿಡ ಆರಿಸಬಾರದು ಎನ್ನುವುದಕ್ಕೆ ಇದೇ ಮೊದಲ ಉದಾಹರಣೆ.

ಕಾಡು ಹೇಗೆ ಸೊರಗಿತು?

ಸ್ಪೇನಿನವರ ದನಕರುಗಳ ಜೊತೆ ಯುರೋಪಿನ ವಾರ್ಷಿಕ ಹುಲ್ಲುಗಳ ಬೀಜವೂ ಬಂತು. ಆ ಹುಲ್ಲು ಮಳೆಗಾಲದಲ್ಲಿ ವೇಗವಾಗಿ ಬೆಳೆದು, ವಸಂತ ಮುಗಿಯುವುದರೊಳಗೆ ಮೇಲ್ಮಣ್ಣಿನ ತೇವವನ್ನೆಲ್ಲ ಹೀರಿ ಒಣಗಿ ಹೋಗುತ್ತದೆ. ಓಕಿನ ಮೊಳಕೆಗೆ ಬೇಸಿಗೆ ದಾಟಲು ನೀರು ಉಳಿಯುವುದಿಲ್ಲ. ದೊಡ್ಡ ಮರಗಳು ನಿಂತಿರುತ್ತವೆ, ಕೆಳಗೆ ಮಕ್ಕಳಿಲ್ಲ. 1848ರಲ್ಲಿ ಚಿನ್ನ ಸಿಕ್ಕ ಮೇಲೆ ಜನ ನುಗ್ಗಿ ಬಂದರು. ಸೌದೆಗೆ, ಹೊಲಕ್ಕೆ, ಪಟ್ಟಣಕ್ಕೆಂದು ಮರಗಳು ಹೋದವು.

ಆಗ ಒಳ್ಳೆಯ ಉದ್ದೇಶದವರೂ ಬಂದರು. ಬೇಗ ಬೆಳೆಯುವ ಮರವೆಂದು 1850ರ ದಶಕದಿಂದ ಆಸ್ಟ್ರೇಲಿಯಾದ ನೀಲಗಿರಿಯನ್ನು ತಂದು ನೆಟ್ಟರು. 1900ರ ನಂತರದ ವರ್ಷಗಳಲ್ಲಂತೂ ಮರಮುಟ್ಟಿನ ಬರ ಬರುತ್ತದೆಂದು ಹೆದರಿ, ಲಾಭದ ಆಸೆಯಿಂದ ಬೆಟ್ಟ ಬೆಟ್ಟಗಳನ್ನೇ ನೀಲಗಿರಿಯಿಂದ ತುಂಬಿಸಿದರು. ಕೊಯ್ದ ಎಳೆಯ ಮರ ಒಣಗುವಾಗ ತಿರುಚಿ ಬಿರುಕು ಬಿಟ್ಟಿತು. ಮಾರಾಟವಾಗಲಿಲ್ಲ, ಮರಗಳು ಉಳಿದುಬಿಟ್ಟವು. 1991ರ ಅಕ್ಟೋಬರಿನಲ್ಲಿ ಓಕ್‌ಲ್ಯಾಂಡಿನ ಬೆಟ್ಟಗಳಿಗೆ ಬೆಂಕಿ ಬಿದ್ದು 25 ಜನ ಸತ್ತರು. ಒಣಗಾಳಿ, ಬರ, ಒತ್ತೊತ್ತಾಗಿ ಕಟ್ಟಿದ ಮನೆಗಳು ಎಲ್ಲವೂ ಅದಕ್ಕೆ ಕಾರಣ. ಆದರೆ ಎಣ್ಣೆ ತುಂಬಿದ ನೀಲಗಿರಿಯ ಎಲೆ, ತೊಗಟೆ ಆ ಬೆಂಕಿಗೆ ಮೇವಾದದ್ದೂ ನಿಜ.

ಮೂರನೆಯದು ರೋಗ. 1995ರ ಸುಮಾರಿಗೆ ಸಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಮರಿನ್ ಪ್ರದೇಶದಲ್ಲಿ ಮರಗಳು ಇದ್ದಕ್ಕಿದ್ದಂತೆ ಸಾಯತೊಡಗಿದವು. ಓಕಿನ ಕಾಂಡದಿಂದ ರಕ್ತದ ಬಣ್ಣದ ಕಪ್ಪು ರಸ ಸೋರುತ್ತಿತ್ತು. 2000ದಲ್ಲಿ ವಿಜ್ಞಾನಿಗಳು ಕಾರಣ ಕಂಡುಹಿಡಿದರು. ಅದು ಫೈಟಾಫ್ತೊರಾ ಎಂಬ ಕುಲಕ್ಕೆ ಸೇರಿದ ಸೂಕ್ಷ್ಮಜೀವಿ. ಈ ಕುಲದ ಹೆಸರು ನಿಮಗೆ ಹೊಸದಿರಬಹುದು, ಅದರ ಕೆಲಸ ಹೊಸದಲ್ಲ. ನಮ್ಮ ಅಡಿಕೆ ತೋಟಗಳಿಗೆ ಮಳೆಗಾಲದಲ್ಲಿ ಬರುವ ಕೊಳೆರೋಗ, ಕಾಳುಮೆಣಸಿನ ಬಳ್ಳಿಯ ಸೊರಗು ರೋಗ, ಎರಡೂ ಇದೇ ಕುಲದ ಬೇರೆ ಬೇರೆ ಜೀವಿಗಳಿಂದ ಬರುವಂಥವು. ಅಡಿಕೆ ಬೆಳೆಗಾರರ ಮನೆಯ ಮಕ್ಕಳಿಗೆ ಇದರ ಕಷ್ಟ ನಾನು ವಿವರಿಸಬೇಕಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆ ರೋಗ ಹರಡಲು ನರ್ಸರಿಗಳಲ್ಲಿ ಮಾರುವ ಅಲಂಕಾರದ ಗಿಡಗಳೇ ಒಂದು ಮುಖ್ಯ ದಾರಿಯಾದವು. ಅಂದಿನಿಂದ ಲಕ್ಷಾಂತರ ಮರಗಳು ಸತ್ತಿವೆ.

ಮರಳಿ ಬೆಳೆಸುವವರು ಗಿಡ ಆರಿಸುವ ಬಗೆ

ಈಗ ಅಲ್ಲಿ ಬಹಳ ಕಡೆ ಓಕ್ ಕಾಡನ್ನು ಮರಳಿ ಬೆಳೆಸುವ ಕೆಲಸ ನಡೆದಿದೆ. ಶಾಲಾ ಮಕ್ಕಳು, ಊರಿನವರು, ವಿಜ್ಞಾನಿಗಳು ಕೂಡಿ ಮಾಡುತ್ತಾರೆ. ಅವರು ಗಿಡ ಆರಿಸುವ ಕ್ರಮವನ್ನು ನೀವು ಗಮನವಿಟ್ಟು ಕೇಳಬೇಕು.

ಮೊದಲನೆಯದು, ನೆಲವನ್ನು ಓದುವುದು. ಗುದ್ದಲಿ ಹಿಡಿಯುವ ಮುಂಚೆ ಹತ್ತಿರದಲ್ಲಿ ಕೆಡದೆ ಉಳಿದಿರುವ ಕಾಡಿನ ತುಣುಕನ್ನು ಹುಡುಕುತ್ತಾರೆ. ಅಲ್ಲಿ ಉತ್ತರಕ್ಕೆ ಮುಖ ಮಾಡಿದ ತಂಪು ಇಳಿಜಾರಿನಲ್ಲಿ ಏನಿದೆ, ಬಿಸಿಲಿನ ದಕ್ಷಿಣದ ಇಳಿಜಾರಿನಲ್ಲಿ ಏನಿದೆ, ತೊರೆಯ ದಂಡೆಯಲ್ಲಿ ಏನಿದೆ ಎಂದು ಪಟ್ಟಿ ಮಾಡುತ್ತಾರೆ. ಒಂದೇ ಬೆಟ್ಟದ ಎರಡು ಬದಿಗೆ ಎರಡು ಪಟ್ಟಿ ಬೇಕಾಗುತ್ತದೆ. ತಾನಾಗಿ ಮೊಳೆಯುತ್ತಿರುವ ಸಸಿಗಳಿದ್ದರೆ ಹೊಸದು ನೆಡುವುದಕ್ಕಿಂತ ಅವಕ್ಕೆ ಬೇಲಿ ಹಾಕುವುದೇ ಮೇಲು.

ಎರಡನೆಯದು, ಬೀಜ ಹತ್ತಿರದ್ದಾಗಿರಬೇಕು. ಮರದ ಜಾತಿ ಒಂದೇ ಆದರೂ ಸಾವಿರ ಕಿಲೋಮೀಟರು ಉದ್ದದ ಕರಾವಳಿಯಲ್ಲಿ ದಕ್ಷಿಣದ ತುದಿಯ ಮರ ಕಡಿಮೆ ಮಳೆಗೆ ಹೊಂದಿಕೊಂಡಿದೆ, ಉತ್ತರದ್ದು ಹೆಚ್ಚು ಮಳೆಗೆ. ಆದ್ದರಿಂದ ಸಾಧ್ಯವಾದಷ್ಟು ಅದೇ ಕಣಿವೆಯ ಮರಗಳಿಂದ ಕಾಯಿ ಆರಿಸುತ್ತಾರೆ. ಅದೂ ಒಂದೇ ಮರದಿಂದಲ್ಲ, ಹಲವು ಮರಗಳಿಂದ. ಎಲ್ಲ ಸಸಿಗಳೂ ಒಂದೇ ತಾಯಿಯ ಮಕ್ಕಳಾದರೆ ಒಂದೇ ರೋಗ ಎಲ್ಲವನ್ನೂ ಹೊಡೆಯಬಹುದು.

ಮೂರನೆಯದು, ಕಾಯಿಯನ್ನೇ ಬಿತ್ತುವುದು. ಸೆಪ್ಟೆಂಬರಿನಿಂದ ನವೆಂಬರಿನೊಳಗೆ ಬಲಿತ ಕಾಯಿ ಆರಿಸಿ ನೀರಿನಲ್ಲಿ ಹಾಕುತ್ತಾರೆ. ತೇಲಿದ್ದು ಹುಳು ತಿಂದದ್ದು ಅಥವಾ ಒಣಗಿದ್ದು, ಅದನ್ನು ಬಿಡುತ್ತಾರೆ. ಮುಳುಗಿದ್ದನ್ನು ಒಣಗದಂತೆ ತಂಪಿನಲ್ಲಿಟ್ಟು, ಅಲ್ಲಿಯ ಮಳೆಗಾಲ ಶುರುವಾಗಿ ಮಣ್ಣು ನೆನೆದ ಮೇಲೆ ಎರಡು ಮೂರು ಸೆಂಟಿಮೀಟರ್ ಆಳದಲ್ಲಿ ಅಡ್ಡವಾಗಿ ಮಲಗಿಸುತ್ತಾರೆ. ನಮಗೆ ಜೂನಿನಲ್ಲಿ ಮಳೆ, ಅವರಿಗೆ ಚಳಿಗಾಲದಲ್ಲಿ ಮಳೆ. ಬೇಸಿಗೆ ಪೂರಾ ಒಣ. ಓಕಿನ ಕಾಯಿ ಮೊದಲು ಮೇಲಕ್ಕೆ ಚಿಗುರುವುದಿಲ್ಲ, ಕೆಳಕ್ಕೆ ತಾಯಿಬೇರು ಇಳಿಸುತ್ತದೆ. ಬೇಸಿಗೆ ಬರುವುದರೊಳಗೆ ಆಳದ ತೇವ ಮುಟ್ಟಬೇಕು, ಇಲ್ಲದಿದ್ದರೆ ಬದುಕಿಲ್ಲ. ತೊಟ್ಟೆಯಲ್ಲಿ ಹೆಚ್ಚು ಕಾಲ ಬೆಳೆಸಿದ ಸಸಿಯ ತಾಯಿಬೇರು ಸುರುಳಿ ಸುತ್ತುತ್ತದೆ. ಬಿತ್ತಿದ ಕಡೆ ಸುಮಾರು ಒಂದು ಮೀಟರ್ ಅಗಲ ಹುಲ್ಲು ಕಿತ್ತು, ಇಲಿ ಹೆಗ್ಗಣದ ಜಾತಿಯವು ಬಗೆಯದಂತೆ ತಂತಿಬಲೆ ಹಾಕುತ್ತಾರೆ. ಕಿತ್ತ ಹುಲ್ಲು ಮತ್ತೆ ಬರುತ್ತದೆ, ಎರಡು ಮೂರು ವರ್ಷ ಮತ್ತೆ ಮತ್ತೆ ಕೀಳಬೇಕು. ನೆಡುವುದು ಒಂದು ದಿನದ ಕೆಲಸ, ಈ ಹುಲ್ಲು ಕೀಳುವುದೇ ನಿಜವಾದ ಕೆಲಸ.

ಇಲ್ಲಿ ಒಂದು ಹಕ್ಕಿಯ ವಿಷಯ ಹೇಳಬೇಕು. ಸ್ಕ್ರಬ್ ಜೇ ಎಂಬ ನೀಲಿ ಹಕ್ಕಿ ಒಂದು ಋತುವಿನಲ್ಲಿ ಸಾವಿರಾರು ಓಕ್ ಕಾಯಿಗಳನ್ನು ಮುಂದಿನ ದಿನಗಳಿಗೆಂದು ಮಣ್ಣಿನಲ್ಲಿ ಹೂತಿಡುತ್ತದೆ. ತಿಂದು ಉಳಿದದ್ದು ಮೊಳೆತು ಮರವಾಗುತ್ತದೆ. ಹಕ್ಕಿ ತಿಂದರೆ ಸದಖಾ ಎಂದು ಓದಿದ ನಮಗೆ, ಆ ಹಕ್ಕಿಯೇ ಮುಂದಿನ ಕಾಡನ್ನೂ ನೆಡುತ್ತದೆ ಎಂದು ತಿಳಿದಾಗ ಅಲ್ಲಾಹನ ವ್ಯವಸ್ಥೆಯ ಬಗ್ಗೆ ಬೆರಗಾಗುತ್ತದೆ.

ನಾಲ್ಕನೆಯದು, ಓಕ್ ಒಂದನ್ನೇ ನೆಟ್ಟರೆ ಕಾಡಾಗುವುದಿಲ್ಲ. ಅದರ ಸಂಗಡಿಗರೂ ಬೇಕು. ಬಿಸಿಲಿನ ಬಯಲಿನಲ್ಲಿ ಕಯೋಟಿ ಬ್ರಷ್, ಸೇಜ್‌ಬ್ರಷ್ ಎಂಬ ಪೊದೆಗಳಿವೆ. ಈ ಪೊದೆಗಳ ಮರೆಯಲ್ಲಿ ಮೊಳೆತ ಓಕ್ ಸಸಿ ಬಯಲಿನ ಸಸಿಗಿಂತ ಚೆನ್ನಾಗಿ ಬದುಕುತ್ತದೆಂದು ಕಂಡುಬಂದಿದೆ. ಬಿಸಿಲು ಕಡಿಮೆ, ಜಿಂಕೆಯ ಬಾಯಿಗೂ ಬೇಗ ಸಿಗುವುದಿಲ್ಲ. ಸಸಿ ದೊಡ್ಡದಾಗಿ ನೆರಳು ಕೊಟ್ಟ ಮೇಲೆ ಪೊದೆ ತಾನಾಗಿ ಹಿಂದೆ ಸರಿಯುತ್ತದೆ. ಪೊದೆಯನ್ನು ಕಸವೆಂದು ಸವರಿ 'ಸ್ವಚ್ಛ' ಮಾಡಿ ಗಿಡ ನೆಡುವ ಅಭ್ಯಾಸ ನಮ್ಮಲ್ಲೂ ಇದೆ; ಇದನ್ನು ನೆನಪಿಡಿ. ಕಾಡಿನ ಅಂಚಿಗೆ ಟೋಯಾನ್ ಆರಿಸುತ್ತಾರೆ. ಚಳಿಗಾಲದಲ್ಲಿ ಅದರ ಕೆಂಪು ಹಣ್ಣು ಹಕ್ಕಿಗಳಿಗೆ ಆಹಾರ. 2012ರಲ್ಲಿ ಲಾಸ್ ಏಂಜಲೀಸ್ ನಗರ ಇದನ್ನು ತನ್ನ ಅಧಿಕೃತ ಸ್ಥಳೀಯ ಗಿಡವೆಂದು ಘೋಷಿಸಿತು. ಅರೆನೆರಳಿಗೆ ಕಾಫಿಬೆರಿ ಎಂಬ ಪೊದೆ. ಇದಕ್ಕೂ ನಮ್ಮ ಕಾಫಿಗೂ ಸಂಬಂಧವಿಲ್ಲ. ಮರದ ಕೆಳಗಿನ ನೆರಳಿಗೆ ಸ್ನೋಬೆರಿ, ಕಾಡು ನೆಲ್ಲಿಯಂಥ ಗೂಸ್‌ಬೆರಿ, ಹಮ್ಮಿಂಗ್‌ಬರ್ಡ್ ಸೇಜ್, ಜರಿಗಿಡಗಳು. ತೆರೆದ ಜಾಗಕ್ಕೆ ಪರ್ಪಲ್ ನೀಡಲ್‌ಗ್ರಾಸ್ ಎಂಬ ಬಹುವಾರ್ಷಿಕ ಹುಲ್ಲು, 2004ರಿಂದ ಅದು ಆ ರಾಜ್ಯದ ಅಧಿಕೃತ ಹುಲ್ಲು.

ಈ ಪಟ್ಟಿಯಲ್ಲಿ ಒಂದು ಲೆಕ್ಕಾಚಾರವಿದೆ. ದೊಡ್ಡ ಓಕಿನ ಕೆಳಗೆ ನೆಡುವ ಗಿಡ ಬೇಸಿಗೆಯಲ್ಲಿ ನೀರು ಕೇಳಬಾರದು. ಸಾವಿರಾರು ವರ್ಷ ಒಣ ಬೇಸಿಗೆಗೆ ಹೊಂದಿಕೊಂಡ ಮರದ ಬುಡಕ್ಕೆ ಹುಲ್ಲುಹಾಸು ಮಾಡಿ ದಿನಾ ನೀರು ಬಿಟ್ಟರೆ ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಬೇರು ಕೊಳೆಯುವ ರೋಗ ಬರುತ್ತದೆ. ನೂರು ವರ್ಷದ ಮರಗಳು ಮನೆಯಂಗಳದ ಪ್ರೀತಿಯ ನೀರಿನಿಂದಲೇ ಸತ್ತಿವೆ. ಉದುರಿದ ಎಲೆಯನ್ನೂ ಗುಡಿಸಬಾರದು, ಅದೇ ಆ ಮರದ ಗೊಬ್ಬರ, ಅದೇ ಹೊದಿಕೆ.

ಐದನೆಯದು ಸ್ವಲ್ಪ ಸೂಕ್ಷ್ಮ. ಸ್ಥಳೀಯ ಗಿಡವಾದರೂ ಎಲ್ಲ ಕಡೆ ನೆಡುವ ಹಾಗಿಲ್ಲ. ನಮ್ಮ ದಾಲ್ಚಿನ್ನಿಯ ಕುಟುಂಬದ ಬೇ ಲಾರೆಲ್ ಎಂಬ ಮರ ಅಲ್ಲಿ ಓಕಿನ ಜೊತೆಯಲ್ಲೇ ಬೆಳೆಯುವಂಥದು, ಅದೇ ಮಣ್ಣಿನದು. ಆದರೆ ನಾನು ಆಗ ಹೇಳಿದ ರೋಗ ಅದರ ಎಲೆಯ ಮೇಲೆ ವಾಸಿಸುತ್ತದೆ. ಲಾರೆಲ್ ಸಾಯುವುದಿಲ್ಲ. ಮಳೆ ಬಂದಾಗ ಅದರ ಎಲೆಯಿಂದ ರೋಗದ ಕಣಗಳು ಪಕ್ಕದ ಓಕಿನ ಕಾಂಡಕ್ಕೆ ಸಿಡಿಯುತ್ತವೆ, ಓಕ್ ಸಾಯುತ್ತದೆ. ಆದ್ದರಿಂದ ರೋಗವಿರುವ ಪ್ರದೇಶದಲ್ಲಿ ಓಕಿನ ಪಕ್ಕ ಹೊಸದಾಗಿ ಲಾರೆಲ್ ನೆಡುವುದಿಲ್ಲ. ಹಾಗೆಂದು ಕಾಡಿನ ಲಾರೆಲ್ಲನ್ನೆಲ್ಲ ಕಡಿದು ಹಾಕುವುದೂ ಇಲ್ಲ. ಇನ್ನೊಂದು ಗಿಡ ಪಾಯ್ಸನ್ ಓಕ್. ಇದೂ ಓಕ್ ಅಲ್ಲ, ನಮ್ಮ ಗೇರು ಮರದ ಕುಟುಂಬದ್ದು. ಸೊನೆ ತಾಗಿದರೆ ಮೈ ತುರಿಸಿ ಬೊಬ್ಬೆ ಏಳುತ್ತದೆ. ಅದರ ಹಣ್ಣನ್ನು ಹಕ್ಕಿಗಳು ತಿನ್ನುತ್ತವೆ. ಶಾಲೆಯ ಕಾಲುದಾರಿಯಲ್ಲಿ ಅದನ್ನು ನೆಡುವುದಿಲ್ಲ, ಕಾಡಿನೊಳಗಿಂದ ಕೀಳುವುದೂ ಇಲ್ಲ. ಯಾವುದು ಎಲ್ಲಿ ಎಂಬ ವಿವೇಕವೇ ಇಲ್ಮ್.

ಒಳ್ಳೆಯ ಕೆಲಸದಿಂದ ಬಂದ ಕೇಡು

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಸಂಗತಿಗೆ ಬರುತ್ತೇನೆ. 2012ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಪ್ರದೇಶದ ಒಂದು ನರ್ಸರಿಯಲ್ಲಿ ಫೈಟಾಫ್ತೊರಾದ ಇನ್ನೊಂದು ಜಾತಿ ಸಿಕ್ಕಿತು. ಅದು ಅಮೆರಿಕದಲ್ಲಿ ಅಲ್ಲಿಯವರೆಗೆ ಕಂಡಿರಲಿಲ್ಲ. ಆ ನರ್ಸರಿ ಬೆಳೆಸುತ್ತಿದ್ದದ್ದು ವಿದೇಶಿ ಅಲಂಕಾರದ ಗಿಡಗಳನ್ನಲ್ಲ, ಸ್ಥಳೀಯ ಗಿಡಗಳನ್ನೇ. 2014ರ ಹೊತ್ತಿಗೆ ಕಾಡನ್ನು ಮರಳಿ ಬೆಳೆಸಲೆಂದು ಸಸಿ ನೆಟ್ಟ ಜಾಗಗಳಲ್ಲೇ ಆ ರೋಗ ಕಾಣಿಸಿತು. ಹುಡುಕುತ್ತ ಹೋದಂತೆ ಇನ್ನೂ ಹಲವು ಜಾತಿಯ ಫೈಟಾಫ್ತೊರಾಗಳು ಅಂಥ ಜಾಗಗಳಲ್ಲಿ ಸಿಕ್ಕವು. ಯೋಚಿಸಿ ನೋಡಿ. ಕಾಡು ಕಡಿಯುವವರಲ್ಲ, ಕಾಡು ಉಳಿಸಲು ಹೊರಟವರು, ಸ್ಥಳೀಯ ಜಾತಿಯ ಗಿಡವನ್ನೇ ಹುಡುಕಿ ಆರಿಸಿದವರು, ಸಸಿಯ ಬುಡದ ಮಣ್ಣಿನಲ್ಲಿ ರೋಗವನ್ನು ಹೊತ್ತುಕೊಂಡು ಹೋಗಿ ಕಾಡಿನಲ್ಲಿ ಇಟ್ಟು ಬಂದಿದ್ದರು. ಅವರ ನಿಯ್ಯತ್ತಿನಲ್ಲಿ ಯಾವ ದೋಷವೂ ಇರಲಿಲ್ಲ.

ಅವರು ಕೆಲಸ ನಿಲ್ಲಿಸಲಿಲ್ಲ, ಕ್ರಮ ಬದಲಾಯಿಸಿದರು. ಕುಂಡಗಳನ್ನು ಬಿಸಿ ಮಾಡಿ ಶುದ್ಧಗೊಳಿಸುವುದು, ಮಣ್ಣಿನ ಮಿಶ್ರಣವನ್ನು ಹಬೆಯಲ್ಲಿ ಬೇಯಿಸುವುದು, ಸಸಿಗಳನ್ನು ನೆಲದ ಮೇಲಿಡದೆ ಎತ್ತರದ ಮೇಜಿನ ಮೇಲಿಡುವುದು, ಒಂದು ಜಾಗದ ಕೆಸರನ್ನು ಇನ್ನೊಂದು ಜಾಗಕ್ಕೆ ಒಯ್ಯದಂತೆ ಬೂಟು, ಗುದ್ದಲಿ ತೊಳೆಯುವುದು, ಸಸಿಗಳನ್ನು ಪರೀಕ್ಷಿಸಿದ ಮೇಲೆಯೇ ಕೊಡುವುದು. ಆದಲ್ಲೆಲ್ಲ ಸಸಿಯ ಬದಲು ಬೀಜವನ್ನೇ ಬಿತ್ತುವುದು. ನಮಾಜಿಗೆ ಮುಂಚೆ ವುಝೂ ಮಾಡುವವರಿಗೆ, ಒಳ್ಳೆಯ ಕೆಲಸಕ್ಕೆ ಮುಂಚೆ ಕೈಕಾಲು ತೊಳೆಯಬೇಕೆಂಬ ಮಾತು ಬೇಗ ಅರ್ಥವಾಗಬೇಕು.

ನಮ್ಮ ಪಾಲಿನ ಕೆಲಸ

ನಮ್ಮ ಕರಾವಳಿಯಲ್ಲಿ ಓಕ್ ಇಲ್ಲ, ತಂದು ನೆಡಬೇಕಾಗಿಯೂ ಇಲ್ಲ. ಆದರೆ ಆ ಕಥೆಯ ಅರ್ಧಭಾಗ ನಮ್ಮದೂ ಹೌದು. 1790ರ ಸುಮಾರಿಗೆ ಟಿಪ್ಪು ಸುಲ್ತಾನರು ನಂದಿಬೆಟ್ಟದಲ್ಲಿ ನೀಲಗಿರಿ ನೆಡಿಸಿದರೆಂಬ ಪ್ರತೀತಿ ಇದೆ. ತೋಟದಲ್ಲಿ ಕುತೂಹಲಕ್ಕೆಂದು ನಾಲ್ಕು ಮರ ಬೆಳೆಸುವುದು ಬೇರೆ, ಸಾವಿರಾರು ಎಕರೆಗೆ ಅದೊಂದನ್ನೇ ಹಬ್ಬಿಸುವುದು ಬೇರೆ. ಮುಂದಿನ ಕಾಲದಲ್ಲಿ ನಾವು ಮಾಡಿದ್ದು ಎರಡನೆಯದು. ಕೊನೆಗೆ 2017ರಲ್ಲಿ ಕರ್ನಾಟಕ ಸರಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು. ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ಸಾಲಾಗಿ ನಿಂತ ಅಕೇಶಿಯಾ ಕೂಡ ಆಸ್ಟ್ರೇಲಿಯಾ ಕಡೆಯದೇ. ಹಸಿರು ಕಾಣುತ್ತದೆ, ಆದರೆ ಹಲಸು, ಹೆಬ್ಬಲಸು, ಸುರಹೊನ್ನೆ, ಹೊಂಗೆ, ರಂಜೆ, ಪುನರ್ಪುಳಿಯ ಮರಗಳ ಹಾಗೆ ಹಕ್ಕಿ ಪ್ರಾಣಿಗಳಿಗೆ ಉಣಬಡಿಸುವ ಹಸಿರಲ್ಲ.

ಆದ್ದರಿಂದ ಈ ಸಭೆಯ ಮುಂದೆ ಕೆಲವು ಸಲಹೆ ಇಡುತ್ತೇನೆ. ಮುಂದಿನ ವರ್ಷ ಸಂಘದ ಶಾಲೆಗಳಿಗೆ ಹೊರಗಿನಿಂದ ಲಾರಿಯಲ್ಲಿ ಸಸಿ ತರಿಸುವ ಮುಂಚೆ, ಪ್ರತಿಯೊಂದು ಶಾಲೆಯ ಮಕ್ಕಳು ತಮ್ಮ ಊರಿನ ಹಳೆಯ ಮರಗಳ ಪಟ್ಟಿ ಮಾಡಲಿ. ನಮ್ಮ ಖಬರಸ್ತಾನಗಳಲ್ಲಿ, ಹಳೆಯ ಮಸೀದಿಗಳ ಹಿತ್ತಿಲಲ್ಲಿ ಅಜ್ಜಂದಿರ ಕಾಲದ ಮರಗಳಿವೆ. ನೆರೆಯ ಹಿಂದೂ ಬಂಧುಗಳ ನಾಗಬನ, ದೇವರಕಾಡುಗಳು ಈ ನೆಲದ ಮೂಲ ಕಾಡಿನ ಉಳಿಕೆ. ಅವರ ಅನುಮತಿ ಪಡೆದು, ಅವರ ಹಿರಿಯರನ್ನೇ ಕೇಳಿ ಕಲಿಯೋಣ. ಮರದ ಹೆಸರನ್ನು ಕನ್ನಡ, ಉರ್ದು, ಮನೆಮಾತು ಮೂರರಲ್ಲೂ ಬರೆಯಿರಿ. ಯಾವ ತಿಂಗಳು ಹಣ್ಣು, ಯಾವ ಹಕ್ಕಿ ತಿನ್ನುತ್ತದೆ, ಗುಡ್ಡದ ಮೇಲಿನದೋ ಹೊಳೆಬದಿಯದೋ ಎಂದು ಗುರುತು ಮಾಡಿ. ಹಲವು ಮರಗಳಿಂದ ಬೀಜ ಆರಿಸಿ ಶಾಲೆಯಲ್ಲೇ ಚಿಕ್ಕ ಸಸಿಮಡಿ ಮಾಡಿ. ಸಸಿಗಳನ್ನು ನೀರು ನಿಲ್ಲದ ಕಡೆ, ನೆಲದಿಂದ ಮೇಲೆ ಇಡಿ. ಕೊಳೆರೋಗ ಬಂದ ತೋಟದ ಮಣ್ಣನ್ನು ತರಬೇಡಿ. ನೂರು ಸಸಿ ನೆಟ್ಟು ಮರೆಯುವುದರ ಬದಲು ಇಪ್ಪತ್ತು ನೆಟ್ಟು ಮೂರು ವರ್ಷ ನೋಡಿಕೊಳ್ಳಿ. ಸಂಘದ ವರದಿಯಲ್ಲಿ ನೆಟ್ಟ ಸಂಖ್ಯೆಯ ಪಕ್ಕದಲ್ಲಿ ಮೂರನೇ ವರ್ಷ ಉಳಿದ ಸಂಖ್ಯೆಯನ್ನೂ ಅಚ್ಚು ಮಾಡುವಂತೆ ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಆ ಎರಡನೇ ಸಂಖ್ಯೆಗೆ ನಾವು ಉತ್ತರದಾಯಿಗಳಾದರೆ ಉಳಿದ ಸುಧಾರಣೆ ತಾನಾಗಿ ಆಗುತ್ತದೆ.

ಕೊನೆಯದಾಗಿ ಒಂದು ಮಾತು. ಸೂರಃ ಅರ್ರಹ್ಮಾನ್‌ನಲ್ಲಿ ಆಕಾಶವನ್ನೂ ಮರಗಿಡಗಳನ್ನೂ ನೆನೆಯುವಲ್ಲೇ ಮೀಝಾನ್, ಅಂದರೆ ತಕ್ಕಡಿಯ ಪ್ರಸ್ತಾಪವಿದೆ. ತೂಕದಲ್ಲಿ ಮೋಸ ಮಾಡಬಾರದೆಂದು ಅಂಗಡಿಯವರಿಗೆ ಹೇಳುತ್ತೇವೆ. ಭೂಮಿಯ ತಕ್ಕಡಿಯೂ ನಮ್ಮ ಕೈಯಲ್ಲಿರುವ ಅಮಾನತ್ತೇ. ಬಲೂತಿನ ಕಾಡಾಗಲಿ, ಹೊನ್ನೆಯ ಕಾಡಾಗಲಿ, ಅದನ್ನು ಬೆಳೆಸಿದ ಜ್ಞಾನ ನಮ್ಮದಲ್ಲ. ಅದನ್ನು ಓದಿ ತಿಳಿದು ಅದಕ್ಕೆ ತಕ್ಕ ಹಾಗೆ ಕೈಯಾಡಿಸುವುದು ಮಾತ್ರ ನಮ್ಮ ಕೆಲಸ. ಮಕ್ಕಳೇ, ನಿಮ್ಮಲ್ಲಿ ಕೆಲವರಾದರೂ ಮುಂದೆ ಸಸ್ಯಶಾಸ್ತ್ರ, ಅರಣ್ಯಶಾಸ್ತ್ರ ಓದಬೇಕು. ಡಾಕ್ಟರು ಎಂಜಿನಿಯರುಗಳ ಜೊತೆಗೆ ಮರದ ಕಾಯಿಲೆ ಬಲ್ಲವರೂ ನಮ್ಮ ಸಮುದಾಯಕ್ಕೆ, ನಮ್ಮ ನಾಡಿಗೆ ಬೇಕು.

ಅಲ್ಲಾಹನು ನಮ್ಮ ನಿಯ್ಯತ್ತನ್ನು ಸ್ವೀಕರಿಸಲಿ, ಅದಕ್ಕೆ ತಕ್ಕ ಇಲ್ಮನ್ನೂ ದಯಪಾಲಿಸಲಿ. ಆಮೀನ್.